ಕಡೆಯ ಬೆಂಚು

2017ರಲ್ಲಿ ನಮ್ಮ ಸಂಘದ ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದರು. ಪರಿಚಯ ಮಾಡಿಕೊಟ್ಟ ಮಿತ್ರರು ‘ವಿನಯವೇ ಮೂರ್ತಿವೆತ್ತಂತಿರುವವರು’ ಎಂದು ನನ್ನನ್ನು ಬಣ್ಣಿಸಿದರು. ನಾನು ತಲೆ ತಗ್ಗಿಸಿ, ಕೈ ಜೋಡಿಸಿ, ‘ನಾನೇನೂ ಅಲ್ಲ, ಎಲ್ಲ ನಿಮ್ಮ ಪ್ರೀತಿ’ ಎಂದೆ. ಚಪ್ಪಾಳೆ ಬಿತ್ತು. ಲೋಕಲ್ ಗಾಡಿಯಿಂದಿಳಿದು ಮನೆಗೆ ನಡೆಯುವಾಗ ನನ್ನಾಕೆ ಕೇಳಿದಳು: “ನೀವು ಏನೂ ಅಲ್ಲವೆಂದು ಅವರು ಒಪ್ಪಿಕೊಂಡು ಶಾಲನ್ನು ಬೇರೆಯವರಿಗೆ ಹೊದಿಸಿದ್ದರೆ ಏನು ಮಾಡುತ್ತಿದ್ದಿರಿ?”

ನಾನು ನಕ್ಕುಬಿಟ್ಟೆ. ಆದರೆ ಆ ಪ್ರಶ್ನೆ ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಚುಚ್ಚುತ್ತಲೇ ಉಳಿಯಿತು.

ನಮ್ಮದು ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದವರು ನಾವು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ತಂದೆಯವರು ಹೆಂಚಿನ ಕಾರ್ಖಾನೆಯಲ್ಲಿ ದುಡಿದರು. ನಾನು 1974ರಲ್ಲಿ ಬ್ಯಾಂಕಿನ ನೌಕರಿ ಹಿಡಿದು ಮುಂಬಯಿಗೆ ಬಂದೆ. ಇಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ಬೇರೊಂದು ಸಭೆಯ ದೇವಾಲಯದಲ್ಲಿ ಅವರ ಬೆಳಗಿನ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ನಮ್ಮದು.

ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟ ಯೇಸುಸ್ವಾಮಿಯ ಒಂದು ಮಾತು ನನ್ನ ಮನಸ್ಸಿನಲ್ಲಿ ಭದ್ರವಾಗಿ ಕೂತಿತ್ತು. ಮದುವೆಯ ಊಟಕ್ಕೆ ಕರೆ ಬಂದರೆ ಮೇಲಿನ ಪಂಕ್ತಿಗೆ ನುಗ್ಗಬೇಡ, ಕಡೆಯಲ್ಲಿ ಕೂತುಕೋ. ಮನೆಯ ಯಜಮಾನನೇ ಬಂದು ನಿನ್ನನ್ನು ಮೇಲಕ್ಕೆ ಕರೆದಾಗ ಎಲ್ಲರೆದುರು ನಿನಗೆ ಮಾನ ಎಂಬ ಅರ್ಥದ ಮಾತು. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ತಾಯಿ ಅದನ್ನು ದೀನತೆಯ ಪಾಠವೆಂದು ಹೇಳಿಕೊಟ್ಟರು. ನಾನು ಅದನ್ನು ಮೇಲಿನ ಪಂಕ್ತಿಗೆ ಹೋಗುವ ಒಳದಾರಿ ಎಂದು ಕಲಿತೆ!

ಸಭೆಯ ಹಿರಿಯನಾಗಿ ಆಯ್ಕೆಯಾದ ಮೇಲೂ ನಾನು ಕಡೆಯ ಬೆಂಚಿನಲ್ಲೇ ಕೂಡುತ್ತಿದ್ದೆ. ಯಾರಾದರೊಬ್ಬರು ಬಂದು, ‘ಇದೇನು, ನೀವು ಇಲ್ಲಿ? ಮುಂದೆ ಬನ್ನಿ’ ಎಂದು ಕರೆಯುತ್ತಿದ್ದರು. ಎರಡು ಸಲ ಬೇಡವೆನ್ನುವುದು, ಮೂರನೆಯ ಸಲ ಏಳುವುದು. ವರ್ಷಗಟ್ಟಲೆ ಇದು ನಡೆಯಿತು. ಸಭಾಪಾಲಕರು ಬದಲಾದರು. ಹೊಸಬರು ತರುಣರು. ಒಂದು ಭಾನುವಾರ ಅವರು ನನ್ನನ್ನು ಕರೆಯಲಿಲ್ಲ. ವೇದವಾಕ್ಯ ಓದಲು ಕಾಲೇಜು ಹುಡುಗಿಯೊಬ್ಬಳನ್ನು ಎಬ್ಬಿಸಿದರು. ಆ ದಿನದ ಪ್ರಸಂಗದ ಒಂದಕ್ಷರವೂ ನನ್ನ ಕಿವಿಗೆ ಬೀಳಲಿಲ್ಲ. ಮನೆಗೆ ಬಂದವನಿಗೆ ರಾತ್ರಿ ಊಟ ಸೇರಲಿಲ್ಲ. ನನ್ನಾಕೆ ಏನೂ ಕೇಳಲಿಲ್ಲ. ಕೇಳದೆಯೇ ಅವಳಿಗೆ ಎಲ್ಲ ತಿಳಿದಿತ್ತು.

ಯೇಸು ತನ್ನ ಕೊನೆಯ ರಾತ್ರಿ ಶಿಷ್ಯರ ಪಾದ ತೊಳೆದದ್ದನ್ನು ನೆನೆದು, ಕಥೋಲಿಕ ಇಗರ್ಜಿಗಳಲ್ಲಿ ಶುಭ ಶುಕ್ರವಾರದ ಹಿಂದಿನ ಸಂಜೆ ಗುರುಗಳು ಜನರ ಪಾದ ತೊಳೆಯುವುದುಂಟು. ನಮ್ಮ ಸಭೆಯಲ್ಲಿ ಆ ರೂಢಿ ಇರಲಿಲ್ಲ. 2018ರಲ್ಲಿ ಹೊಸ ಸಭಾಪಾಲಕರು ಅದನ್ನು ಆರಂಭಿಸಿದರು. ತೊಳೆಯಬೇಕಾದ ನಾಲ್ವರು ಹಿರಿಯರಲ್ಲಿ ನಾನೊಬ್ಬ. ಮೊಣಕಾಲೂರಿ, ಹೆಗಲಿಗೆ ಟವಲು ಹಾಕಿಕೊಂಡು ತೊಳೆದೆ. ಕೂತವರೆಲ್ಲ ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದುಕೊಂಡೇ ಬಂದಿದ್ದರು. ನಮಗೆ ಉಳಿದದ್ದು ಒರೆಸುವ ಕೆಲಸ ಮಾತ್ರ. ಅದರ ಫೋಟೋ ವಾಟ್ಸಪ್ಪಿನಲ್ಲಿ ಮಂಗಳೂರಿನ ಬಂಧುಗಳವರೆಗೂ ಹೋಯಿತು. ನಾನು ಅದನ್ನು ಎಷ್ಟು ಸಲ ತೆರೆದು ನೋಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಅದೇ ಜುಲೈಯ ಮಳೆಯಲ್ಲಿ ನಿಲ್ದಾಣವೊಂದರ ಮೆಟ್ಟಿಲಲ್ಲಿ ಜಾರಿ ಬಿದ್ದೆ. ತೊಡೆಯ ಮೂಳೆ ಮುರಿಯಿತು. ಶಸ್ತ್ರಕ್ರಿಯೆಯಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಅಲುಗಾಡದೆ ಮಲಗಬೇಕಾಯಿತು. ಆಗ ನನಗೆ ಅರುವತ್ತೇಳು ವರ್ಷ. ಅಲ್ಲಿಯವರೆಗೆ ನನ್ನ ಮೈಯನ್ನು ಮತ್ತೊಬ್ಬರು ತೊಳೆದಿದ್ದರೆ ಅದು ನನ್ನ ತಾಯಿ ಮಾತ್ರ. ಈಗ ಬೆಡ್‌ಪ್ಯಾನ್ ಕೊಡುವುದು, ತೆಗೆಯುವುದು, ಮೈ ಒರೆಸುವುದು ಎಲ್ಲವೂ ಒಬ್ಬ ವಾರ್ಡ್‌ಬಾಯ್ ಕೈಯಲ್ಲಿ. ‘ಬಾಯ್’ ಎಂದರೂ ನಲವತ್ತು ದಾಟಿದ ಮನುಷ್ಯ. ಮೊದಲ ದಿನ ನಾನು ಮುಖ ಆಚೆಗೆ ತಿರುಗಿಸಿದೆ. ಎರಡನೆಯ ದಿನ ಬೇಡವೆಂದು ರೇಗಿದೆ. ಇನ್ನೊಂದನ್ನೂ ಬರೆಯಲೇಬೇಕು. ಆತ ನನ್ನನ್ನು ಮುಟ್ಟಿದಾಗ, ‘ಈತ ಯಾವ ಜನವೋ’ ಎಂದು ಮನಸ್ಸು ಕೇಳಿಕೊಂಡಿತು. ನಮ್ಮಲ್ಲಿ ಜಾತಿಯಿಲ್ಲವೆಂದು ವೇದಿಕೆಗಳ ಮೇಲೆ ಭಾಷಣ ಮಾಡುತ್ತ ಬಂದವನು ನಾನು.

ಮೂರನೆಯ ದಿನ ನೋವಿನಲ್ಲಿ ನನ್ನ ಬಾಯಿಂದ ಕನ್ನಡದಲ್ಲಿ ದೇವರ ಹೆಸರು ಬಂತು. ಆತ ಪಾದ ಒರೆಸುತ್ತಿದ್ದವರು ನಿಧಾನವಾಗಿ ಹೇಳಿದರು:

“ನಾಚಿಕಿ ಯಾಕ್ರಿ ಹಿರ್ಯಾರ? ನೀವು ನನ್ನ ಗುರ್ತಾ ಹಿಡೀಲಿಲ್ಲ. ಕಡೀ ಬೆಂಚಿನ್ಯಾಗ ನಿಮ್ಮ ಬಾಜೂಕ್ಕೇ ಕೂಡ್ತೀನ್ರಿ ನಾನು.”

ಬೀದರ್ ಕಡೆಯವರು. ಅಲ್ಲಿನ ಮೆಥೊಡಿಸ್ಟ್ ಸಭೆಯಲ್ಲಿ ಬೆಳೆದವರು. ಹನ್ನೆರಡು ವರ್ಷಗಳಿಂದ ನಮ್ಮ ಆರಾಧನೆಗೆ ಬರುತ್ತಿದ್ದರು. ನನ್ನನ್ನು ಮುಂದಕ್ಕೆ ಕರೆದಾಗಲೆಲ್ಲ ಕಾಲು ಮಡಚಿ ದಾರಿ ಬಿಟ್ಟವರು ಅವರೇ. ಅವರಿಗೆ ನನ್ನ ಹೆಸರು, ನನ್ನ ಮಕ್ಕಳ ಹೆಸರು ಗೊತ್ತು. ನಾನು ಅವರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಕಡೆಯ ಬೆಂಚಿನಲ್ಲಿ ಕೂತದ್ದು ನಿಜ. ಆದರೆ ನನ್ನ ಕಣ್ಣು ಸದಾ ಮುಂದಿನ ಬೆಂಚಿನ ಮೇಲೆಯೇ.

ಆ ರಾತ್ರಿ ನಿದ್ರೆ ಬರಲಿಲ್ಲ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಮನಸ್ಸಿನಲ್ಲಿ ಸುಳಿಯಿತು. ಎಷ್ಟೋ ಸಲ ಓದಿದ ಭಾಗ. ಅಲ್ಲಿ ಎರಡು ವಿಷಯಗಳನ್ನು ನಾನು ಗಮನಿಸಿಯೇ ಇರಲಿಲ್ಲ.

ಒಂದು, ಪೇತ್ರನ ಸಂಗತಿ. ಗುರು ತನ್ನ ಪಾದ ತೊಳೆಯಲು ಬಂದಾಗ ಆತ ಖಂಡಿತ ಬೇಡವೆನ್ನುತ್ತಾನೆ. ಮೇಲ್ನೋಟಕ್ಕೆ ಅದು ಶಿಷ್ಯನ ವಿನಯ. ಆದರೆ ತೊಳೆಸಿಕೊಳ್ಳದಿದ್ದರೆ ನಿನಗೂ ನನಗೂ ಸಂಬಂಧವಿಲ್ಲವೆಂದು ಯೇಸು ಹೇಳಿಬಿಡುತ್ತಾನೆ. ಕೊಡುವವನ ಕೈ ಮೇಲಿರುತ್ತದೆ. ಹಾಗಾಗಿ ಕೊಡುವುದರಲ್ಲಿ ಒಂದು ಸುಖವುಂಟು. ಪಡೆಯುವವನು ತನಗೆ ಬೇಕಾಗಿದೆ ಎಂದು ಒಪ್ಪಿಕೊಳ್ಳಬೇಕು. ಹನ್ನೆರಡು ಜನರ ಪಾದ ತೊಳೆಯಲು ಸಾಲಾಗಿ ನಿಂತಿದ್ದ ನನಗೆ, ಒಬ್ಬನಿಂದ ತೊಳೆಸಿಕೊಳ್ಳುವಷ್ಟು ದೀನತೆ ಇರಲಿಲ್ಲ.

ಇನ್ನೊಂದು, ಟವಲನ್ನು ಕೈಗೆತ್ತಿಕೊಳ್ಳುವ ಮುಂಚಿನ ಮಾತು. ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು, ಸಮಸ್ತವೂ ತನ್ನ ಕೈಯಲ್ಲಿದೆ ಎಂದು ಯೇಸು ತಿಳಿದಿದ್ದನೆಂದು ಯೋಹಾನನು ಮೊದಲು ಬರೆಯುತ್ತಾನೆ. ಪಾದ ತೊಳೆಯುವುದು ಆಮೇಲೆ. ಅಂದರೆ ತನ್ನನ್ನು ಹುಳುವೆಂದು ಎಣಿಸಿಕೊಂಡು ಬಾಗಿದ್ದಲ್ಲ. ತಾನು ಯಾರೆಂದು ಬಲ್ಲವನಾದ್ದರಿಂದಲೇ ಬಾಗಬಲ್ಲವನಾದ. ನಮ್ಮ ಕನ್ನಡದಲ್ಲಿ ದೈನ್ಯ ಬೇರೆ, ದೀನತೆ ಬೇರೆ. ದೈನ್ಯಕ್ಕೆ ಹೆದರಿಕೆ ಮೂಲ. ಅದು ಇನ್ನೊಬ್ಬರ ಮುಖ ನೋಡುತ್ತದೆ. ದೀನತೆಗೆ ಭರವಸೆ ಮೂಲ. ತಂದೆ ತನ್ನನ್ನು ಬಲ್ಲನೆಂದು ನಂಬಿದವನಿಗೆ ಯಾವ ಬೆಂಚಾದರೇನು? ಇನ್ನು ನನ್ನಂಥವರ ‘ನಾನೇನೂ ಅಲ್ಲ’ ಎಂಬುದು ಎರಡೂ ಅಲ್ಲ. ಅದು ಹೊಗಳಿಕೆಗೆ ಹಾಕುವ ಗಾಳ.

ಇದನ್ನು ಯೋಚಿಸುವಾಗ ನನಗೆ ಕಿಟ್ಟೆಲ್ ನೆನಪಾಗುತ್ತಾರೆ. ಕನ್ನಡಿಗರಾದ ನಾವೆಲ್ಲ, ಯಾವ ಮತದವರಾದರೂ, ಅವರ ಋಣದಲ್ಲಿದ್ದೇವೆ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಅವರು ಬಂದದ್ದು ಕಲಿಸುವುದಕ್ಕೆ, ಧರ್ಮ ಬೋಧಿಸುವುದಕ್ಕೆ. ನಮ್ಮ ಜನಕ್ಕೆ ತಿಳಿಯದ್ದು ತನಗೆ ತಿಳಿದಿದೆ ಎಂಬ ನಂಬಿಕೆ ಇಲ್ಲದೆ ಯಾರೂ ಅಷ್ಟು ದೂರ ಬರುವುದಿಲ್ಲ. ಆದರೆ ಬಂದವರು ಈ ಭಾಷೆಯ ಮುಂದೆ ವಿದ್ಯಾರ್ಥಿಯಾಗಿ ಕೂತುಬಿಟ್ಟರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಶಬ್ದಗಳ ಅವರ ನಿಘಂಟು ಅಚ್ಚಾಗಿ ಹೊರಬಂದಾಗ ಅವರಿಗೆ ಅರುವತ್ತೆರಡು. ಒಂದೊಂದು ಶಬ್ದಕ್ಕೂ ‘ಇದರ ಅರ್ಥವೇನು’ ಎಂದು ಪುಸ್ತಕವನ್ನೋ ಮನುಷ್ಯನನ್ನೋ ಕೇಳಿರಲೇಬೇಕಲ್ಲ! ಅಷ್ಟು ವರ್ಷ ಕೇಳುತ್ತಲೇ ಇರುವವನಿಗೆ, ತನ್ನ ವಿನಯ ಜನರಿಗೆ ಹೇಗೆ ಕಾಣುತ್ತಿದೆ ಎಂದು ನೋಡಿಕೊಳ್ಳಲು ಪುರುಸೊತ್ತು ಎಲ್ಲಿಯದು? ನಾನೋ, ಪಕ್ಕದಲ್ಲಿ ಕೂತವರನ್ನು ಹನ್ನೆರಡು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳದವನು.

ಮರುದಿನ ಬೆಳಿಗ್ಗೆ ಅವರು ನೀರಿನ ಬೇಸಿನ್ ಹಿಡಿದು ಬಂದಾಗ ಮೊದಲು ಅವರ ಹೆಸರು ಕೇಳಿದೆ. ಹೇಳಿದರು. ಅದನ್ನು ಇಲ್ಲಿ ಬರೆಯುವುದು ಅವರಿಗೆ ಇಷ್ಟವಿಲ್ಲ. ಆಮೇಲೆ ಕಾಲು ಚಾಚಿದೆ. ಅಷ್ಟೇ ನಡೆದದ್ದು.

ನವೆಂಬರಿನಲ್ಲಿ ಕೋಲೂರಿಕೊಂಡು ಆರಾಧನೆಗೆ ಹೋದೆ. ಅವರು ಸರಿದು ಜಾಗ ಮಾಡಿಕೊಟ್ಟರು. ದಿನಾ ಅವರು ಕಡೆಯಲ್ಲೇ ಕೂಡುವುದೇಕೆಂದು ಕೇಳಿದೆ. ದೊಡ್ಡ ಉತ್ತರವೊಂದನ್ನು ನಿರೀಕ್ಷಿಸಿದ್ದೆನೋ ಏನೋ. “ರಾತ್ರಿ ಡ್ಯೂಟಿ ಮಾಡಿ ಬಂದಿರ್ತೀನ್ರಿ. ನಡುವ ಜೋಂಪು ಹತ್ತಿದ್ರ ಪಾದ್ರಿಯವ್ರಿಗೆ ಕಾಣಬಾರ್ದು ನೋಡ್ರಿ” ಎಂದರು!

2019ರಲ್ಲಿ ಮತ್ತೆ ಆ ಗುರುವಾರ ಬಂತು. ಪಾದ ತೊಳೆಯುವವರಲ್ಲಿ ಅವರೂ ಇರಲೆಂದು ಸಭಾಪಾಲಕರಿಗೆ ನಾನೇ ಸೂಚಿಸಿದೆ. ಅವರು ನಕ್ಕು, “ದಿನಾ ಅದೇ ಮಾಡ್ತೀನಲ್ರಿ, ಒಂದಿನಾನರೆ ಬಿಡ್ರಿ” ಎಂದರು. ನನ್ನ ಸೂಚನೆಯಲ್ಲಿಯೂ ಒಂದು ದೊಡ್ಡಸ್ತಿಕೆ ಇತ್ತೆಂದು ಆಮೇಲೆ ಹೊಳೆಯಿತು. ನನಗೆ ಮೊಣಕಾಲೂರಲು ಆಗುತ್ತಿರಲಿಲ್ಲ. ಹೀಗಾಗಿ ತೊಳೆಸಿಕೊಳ್ಳುವವರ ಸಾಲಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ತೊಳೆದವಳು, ಅಂದು ವೇದವಾಕ್ಯ ಓದಿದ್ದಳಲ್ಲ, ಅದೇ ಹುಡುಗಿ. ನೀರು ತಣ್ಣಗಿತ್ತು. ‘ಸಾಕಮ್ಮ’ ಎಂಬ ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ.

ಈ ಲೇಖನವನ್ನು ಕಳಿಸುವ ಮುನ್ನ ನನ್ನಾಕೆಗೆ ಓದಿ ಹೇಳಿದೆ. ಕೊನೆಯಲ್ಲಿ, ನಾನು ಈಗ ಎಷ್ಟು ಬದಲಾಗಿದ್ದೇನೆಂದು ನಾಲ್ಕು ಸಾಲು ಬರೆದಿದ್ದೆ. ಅವಳು ಪೆನ್ನು ಇಸಿದುಕೊಂಡು ಆ ನಾಲ್ಕೂ ಸಾಲು ಹೊಡೆದುಹಾಕಿದಳು.