ನಡುಬಾಗಿಲಿನ ಚಿಲಕ

ಮನೆಯನ್ನು ಇಬ್ಭಾಗ ಮಾಡಿ ಒಂದು ಭಾಗವನ್ನು ಬಾಡಿಗೆಗೆ ಕೊಡುವ ಪದ್ಧತಿ ನಮ್ಮ ದಾವಣಗೆರೆಗೆ ಹೊಸದಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಗಿರಣಿಯ ನೌಕರರು ಬಾಡಿಗೆಗೆ ಬರುತ್ತಿದ್ದರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ ಬಂದವು. ವಿದ್ಯಾರ್ಥಿಗಳು, ದಾದಿಯರು, ಅಧ್ಯಾಪಕರು ಬಾಡಿಗೆ ಮನೆ ಹುಡುಕುತ್ತ ಬಂದರು. ಇತ್ತ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ನನ್ನಂಥ ನಿವೃತ್ತರು ಬಡಾವಣೆಗೆ ಹತ್ತಾರು ಮಂದಿ ಇದ್ದೇವೆ. ಹಿಂದಿನ ಎರಡು ಕೋಣೆಗಳಿಗೆ ಪ್ರತ್ಯೇಕ ಅಡಿಗೆಕಟ್ಟೆ ಮಾಡಿಸಿ, ಪಕ್ಕದ ಓಣಿಯಿಂದ ಒಂದು ಬಾಗಿಲು ಬಿಡಿಸಿದರೆ ಬಾಡಿಗೆಯ ಪೋರ್ಷನ್ ಸಿದ್ಧ.

ಆದರೆ ಹೀಗೆ ಭಾಗ ಮಾಡಿದ ಮನೆಗಳಲ್ಲಿ ಒಂದು ಬಾಗಿಲು ಉಳಿದುಬಿಡುತ್ತದೆ. ಮೊದಲು ನಡುಮನೆಯಿಂದ ಹಿಂದಿನ ಕೋಣೆಗೆ ಹೋಗುತ್ತಿದ್ದ ಬಾಗಿಲು. ಅದನ್ನು ಕಿತ್ತು ಗೋಡೆ ಕಟ್ಟಿಸಲು ಮನಸ್ಸು ಬರುವುದಿಲ್ಲ. ಎಂದಾದರೊಂದು ದಿನ ಮಗ ಊರಿಗೆ ಬಂದು ನೆಲೆಸಿಯಾನು ಎಂಬ ಆಸೆ. ಈಚೆಗೆ ನನ್ನ ಶಿಷ್ಯರಲ್ಲಿ ಇಬ್ಬರು ಮೂವರು, “ಸಾರ್, ನಡುಬಾಗಿಲಿಗೆ ಯಾವ ಬೀಗ ಹಾಕಿಸಿದರೆ ಒಳ್ಳೆಯದು?” ಎಂದು ಕೇಳಿದ್ದಾರೆ. ಅಂಥ ಬಾಗಿಲಿನ ಎರಡೂ ಬದಿಯಲ್ಲಿ ಬಾಳಿದವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮದುವೆಯಾದ ಹೊಸತರಲ್ಲಿ, 1987ರಲ್ಲಿ, ನಾವು ಹರಿಹರದಲ್ಲಿ ದೇವಸ್ಥಾನದ ಆಸುಪಾಸಿನ ಒಂದು ಹಳೆಯ ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. (ದಾವಣಗೆರೆ, ಹರಿಹರ ಎರಡೂ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ.) ಇನ್ನರ್ಧದಲ್ಲಿ ಮಾಲೀಕರ ಸಂಸಾರ. ಮಾಲೀಕರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದರು. ಆ ಕಾರ್ಖಾನೆ ಮುಚ್ಚಿ ಈಗ ವರ್ಷಗಳೇ ಆದವು. ಆಗಿನ ಹರಿಹರದ ಹೊತ್ತುಗೊತ್ತು ನಿರ್ಧಾರವಾಗುತ್ತಿದ್ದುದೇ ಅದರ ಸೈರನ್ನಿನಿಂದ. ಎರಡು ಸಂಸಾರಗಳ ನಡುವೆ ಒಂದು ಒಂಟಿ ಕದದ ಬಾಗಿಲು. ಅದಕ್ಕೆ ಚಿಲಕವಿದ್ದದ್ದು ಅವರ ಕಡೆಗೆ ಮಾತ್ರ. ಎಂದರೆ ಅವರು ಬೇಕೆಂದಾಗ ತೆರೆಯಬಹುದು. ನಾವು ತೆರೆಯಲೂ ಆಗದು, ಮುಚ್ಚಿಕೊಳ್ಳಲೂ ಆಗದು.

ಮಾಲೀಕರ ತಾಯಿ ಒಳ್ಳೆಯ ಅಜ್ಜಿ. ನಮ್ಮ ಭಾಗದ ಅಟ್ಟದ ಮೇಲೆ ಅವರ ಉಪ್ಪಿನಕಾಯಿ ಜಾಡಿಗಳೂ ಹುಣಸೆಹಣ್ಣಿನ ಗಡಿಗೆಯೂ ಇದ್ದವು. ನೆನಪಾದಾಗಲೆಲ್ಲ ಚಿಲಕ ಸರಿಸಿ ನೇರವಾಗಿ ಒಳಗೆ ಬರುತ್ತಿದ್ದರು. ಅದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ನಲವತ್ತು ವರ್ಷ ಓಡಾಡಿದ ಮನೆ. ಅರ್ಧ ಬಾಡಿಗೆಗೆ ಹೋಗಿದೆ ಎಂಬುದು ಅವರ ಕಾಲಿಗೆ ತಿಳಿದಿರಲಿಲ್ಲ, ಅಷ್ಟೆ. ಆದರೆ ಇಪ್ಪತ್ತೊಂದು ವರ್ಷದ ನನ್ನಾಕೆ ಸೀರೆ ಬದಲಿಸಬೇಕೆಂದರೆ ಅಕ್ಕಿಯ ಡಬ್ಬವನ್ನೂ ಟ್ರಂಕನ್ನೂ ಆ ಕದಕ್ಕೆ ಒತ್ತರಿಸಿ ಇಡುತ್ತಿದ್ದಳು. ನಾನು ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲೂ ಅವಳಿಗೆ ಧೈರ್ಯವಿರಲಿಲ್ಲ. ತವರಿಗೆ ಬರೆದ ಕಾಗದದಲ್ಲಿ ಅವಳು ಇದನ್ನು ತಿಳಿಸಿರಲಿಲ್ಲ, ನನಗೂ ಹೇಳಿರಲಿಲ್ಲ. ಒಂದು ಸಂಜೆ ನಾನೇ ಟ್ರಂಕು ಸರಿಸಿದ ಗೆರೆಗಳನ್ನು ನೆಲದ ಮೇಲೆ ಕಂಡು ಕೇಳಿದೆ.

ಮರುದಿನವೇ ಮಾಲೀಕರಲ್ಲಿ ವಿಷಯ ಪ್ರಸ್ತಾಪಿಸಿದೆ. “ಹಾಕಿಸ್ಕೊಳ್ರಿ ಮೇಷ್ಟ್ರೇ, ಅವ್ವಗೆ ನಾ ಹೇಳ್ತೀನಿ” ಎಂದರು. ಆಚಾರಿ ಬಂದು ನಮ್ಮ ಕಡೆಗೆ ಒಂದು ಕಬ್ಬಿಣದ ಚಿಲಕ ಜಡಿದು ಹೋದ. ಅಜ್ಜಿಗೆ ಅಸಮಾಧಾನವಾಯಿತು. “ಹರಿಹರದಾಗೆ ಇದ್ದುಕೊಂಡು ನಡುವೆ ಚಿಲಕ ಹಾಕಿಸ್ತೀರೇನ್ರಿ ಮೇಷ್ಟ್ರೇ?” ಎಂದರು. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ವೇಳೆಗೆ ಕಟ್ಟಿಸಿದ ಆ ಗುಡಿಯಲ್ಲಿ ಹರಿ ಅರ್ಧ, ಹರ ಅರ್ಧ, ವಿಗ್ರಹ ಒಂದೇ. ಅಜ್ಜಿಯ ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆ ಇಬ್ಬರು ಒಬ್ಬರಿಗೊಬ್ಬರು ಬಾಡಿಗೆ ಕೊಡಬೇಕಾಗಿರಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎಂಟು ದಿನ ಮಾತು ಕಡಿಮೆಯಿತ್ತು. ಒಂಬತ್ತನೆಯ ದಿನ ಅಜ್ಜಿ ಬೀದಿ ಬಾಗಿಲಿನಿಂದ ಬಂದು, “ಸೊಸೀ, ಒಂದು ಜಾಡಿ ತಗೊಂಡು ಹೋಗ್ಲಾ?” ಎಂದು ಕೇಳಿದರು. ನನ್ನಾಕೆ ಮಣೆ ಹಾಕಿ ಕೂರಿಸಿ ಕಾಫಿ ಕೊಟ್ಟಳು. ಅದುವರೆಗೆ ಆ ಮನೆಗೆ ನೂರು ಸಲ ಬಂದಿದ್ದ ಅಜ್ಜಿ, ಅತಿಥಿಯಾಗಿ ಬಂದದ್ದು ಅಂದೇ ಮೊದಲು.

ಮುಂದಿನ ಮಳೆಗಾಲದ ಒಂದು ರಾತ್ರಿ ನಡುಬಾಗಿಲು ಬಡಿದ ಸದ್ದಾಯಿತು. ಮಗ ರಾತ್ರಿ ಪಾಳಿಗೆ ಹೋಗಿದ್ದರು, ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅಜ್ಜಿಗೆ ಉಬ್ಬಸ ಏರಿ ಮಾತೇ ಹೊರಡುತ್ತಿರಲಿಲ್ಲ. ಬೀದಿ ಬಾಗಿಲಿನವರೆಗೆ ನಡೆಯುವ ಶಕ್ತಿ ಇರಲಿಲ್ಲ. ಆದರೆ ಮಂಚದಿಂದ ನಾಲ್ಕು ಹೆಜ್ಜೆಯ ನಡುಬಾಗಿಲನ್ನು ಮುಟ್ಟಿ ತಮ್ಮ ಚಿಲಕ ಸರಿಸಿದ್ದರು. ನಾವು ನಮ್ಮದನ್ನು ಸರಿಸಿದೆವು. ಆಟೋ ಹುಡುಕಿ ಆಸ್ಪತ್ರೆಗೆ ಸೇರಿಸಿದೆವು. ಬೆಳಗಾಗುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಅಲ್ಲಿ ಗೋಡೆಯಿದ್ದಿದ್ದರೆ? ಅಥವಾ ಕೈ ಎಲ್ಲಿಟ್ಟೆವೆಂದು ಮರೆತ ಬೀಗವಿದ್ದಿದ್ದರೆ? ಈ ಪ್ರಶ್ನೆ ಆಮೇಲೆ ಬಹಳ ದಿನ ನನ್ನನ್ನು ಕಾಡಿತು.

ಆದ್ದರಿಂದ ದಾವಣಗೆರೆಯ ನಮ್ಮ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಡುವಾಗ ನಾನು ಹಾರ್ಡ್‌ವೇರ್ ಅಂಗಡಿಗೆ ಹೋದದ್ದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೇ. ಅಂಗಡಿಯವರು ತಮ್ಮ ಭಂಡಾರವನ್ನೇ ತೆರೆದಿಟ್ಟರು. ಅಲಿಗಢದ ಬೀಗ, 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಬೀಗ, 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆಯಿಂದಲೇ ಆರಂಭವಾದ ಗೋದ್ರೆಜ್ ಸಂಸ್ಥೆಯ ಬೀಗ. ಒಳಗೆ ಲಿವರುಗಳಿರುವ ಬೀಗದ ತತ್ತ್ವ ಸರಳ: ಸರಿಯಾದ ಕೈ ಪ್ರತಿಯೊಂದು ಲಿವರನ್ನೂ ತಕ್ಕಷ್ಟೇ ಎತ್ತರಕ್ಕೆ ಎತ್ತಬೇಕು, ಒಂದು ಹೆಚ್ಚು ಎದ್ದರೂ ಕಡಿಮೆ ಎದ್ದರೂ ತೆರೆಯದು. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಕಂಡುಹಿಡಿದ ಉಪಾಯವಿದು. ಬೀಗಗಳೆಲ್ಲ ಉತ್ತಮವೇ. ಆದರೆ ನಡುಬಾಗಿಲಿಗೆ ಅವು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ, ತೂಗುಬೀಗ ಹಾಕಿದರೆ ಅದು ಒಂದೇ ಕಡೆಗೆ ಬೀಳುತ್ತದೆ. ಇನ್ನೊಂದು ಕಡೆಯವರು ಕೈಕಟ್ಟಿ ನಿಲ್ಲಬೇಕು. ಎರಡೂ ಕಡೆಯಿಂದ ಕೈ ತಿರುಗಿಸುವ ಒಳಬೀಗ ಹಾಕಿದರೆ, ಕೈ ಇದ್ದವರು ಯಾವಾಗ ಬೇಕಾದರೂ ಆಚೆ ಹೋಗಬಹುದು. ಮಾಲೀಕನ ಬಳಿ ಇನ್ನೊಂದು ಕೈ ಇಲ್ಲವೆಂದು ಬಾಡಿಗೆದಾರರು ಹೇಗೆ ನಂಬಬೇಕು? ಬೆರಳಚ್ಚಿನ ಬೀಗವನ್ನೂ ತೋರಿಸಿದರು. ಯಾರ ಬೆರಳನ್ನು ಸೇರಿಸಬೇಕೆಂಬ ಹಿಡಿತ ಒಬ್ಬರ ಕೈಯಲ್ಲೇ ಉಳಿಯುವುದರಿಂದ ಅದೂ ಹಳೆಯ ಕಥೆಯೇ, ಜೊತೆಗೆ ಬ್ಯಾಟರಿಯ ಖರ್ಚು ಬೇರೆ. ಇನ್ನೊಂದು ಮಾತು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ, ಹೊರಹೋಗುವ ಬಾಗಿಲುಗಳು ಒಳಗಿರುವವರಿಗೆ ಬೀಗದ ಕೈಯ ಹಂಗಿಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಹಿಂದಿನ ಪೋರ್ಷನ್ನಿಗೆ ನಡುಬಾಗಿಲೊಂದೇ ದಾರಿಯಾಗಿದ್ದರೆ, ಅಲ್ಲಿ ಯಾವ ಬೀಗದ ಮಾತೂ ಬೇಡ. ಮೊದಲು ಇನ್ನೊಂದು ಬಾಗಿಲು ಬಿಡಿಸಿ, ಆಮೇಲೆ ಬಾಡಿಗೆಗೆ ಕೊಡಿ.

ಕೊನೆಗೆ ನಾನು ಕೊಂಡದ್ದು ಎಂಟಂಗುಲದ ಎರಡು ಉಕ್ಕಿನ ಚಿಲಕ. ಒಂದು ನಮ್ಮ ಕಡೆಗೆ, ಒಂದು ಅವರ ಕಡೆಗೆ. ಇಬ್ಬರೂ ಒಪ್ಪಿದರೆ ಮಾತ್ರ ಕದ ತೆರೆಯುತ್ತದೆ. ಅಂಗಡಿಯವರಿಗೆ ಇದು ಸಣ್ಣ ವ್ಯಾಪಾರವಾಗಿ ಬೇಸರವಾಗಿರಬೇಕು.

ಚಿಲಕಕ್ಕಿಂತ ಅದನ್ನು ಕೂರಿಸುವುದು ಮುಖ್ಯ. ಪೊಟ್ಟಣದ ಜೊತೆ ಬರುವ ಗಿಡ್ಡ ಸ್ಕ್ರೂಗಳನ್ನು ನಂಬಬೇಡಿ. ಎರಡು ಸಲ ಭುಜಕೊಟ್ಟು ತಳ್ಳಿದರೆ ಕಿತ್ತುಬರುತ್ತವೆ. ಚಿಲಕದ ತುದಿ ಹೋಗಿ ಕೂರುವ ಕೊಂಡಿಯನ್ನು ಉದ್ದನೆಯ ಸ್ಕ್ರೂಗಳಿಂದ ಚೌಕಟ್ಟಿನ ಗಟ್ಟಿ ಮರಕ್ಕೆ ಬಿಗಿಸಿಸಿ. ಹೆಚ್ಚಿನವರು ಗಮನಿಸದ ಸಂಗತಿಯೆಂದರೆ ಬಿಜಾಗರಿ. ಕದ ಯಾವ ಕಡೆಗೆ ತೆರೆಯುತ್ತದೆಯೋ ಬಿಜಾಗರಿಯ ಕಡ್ಡಿ ಆ ಕಡೆಗೆ ಕಾಣುತ್ತದೆ. ಆ ಕಡೆಯವರು ಒಂದು ಮೊಳೆ, ಒಂದು ಸುತ್ತಿಗೆಯಿಂದ ಕಡ್ಡಿಯನ್ನು ಮೇಲೆಬ್ಬಿಸಿ, ಆಚೆಯ ಚಿಲಕ ಹಾಕಿದ್ದರೂ ಕದವನ್ನು ಬಿಡಿಸಬಹುದು. ನಮ್ಮ ಕದ ನಮ್ಮ ಕಡೆಗೇ ತೆರೆಯುವಂಥದ್ದು. ಆದುದರಿಂದ ಆಚಾರಿಯಿಂದ ಕಡ್ಡಿಯ ಎರಡೂ ತುದಿಗಳನ್ನು ಬಡಿಸಿ ಹೊರಬಾರದಂತೆ ಮಾಡಿಸಿದೆ. ಹಳೆಯ ಬೀಗದ ಕಂಡಿಯನ್ನು ಮರದ ಪುಡಿ, ಫೆವಿಕಾಲ್ ಕಲಸಿ ಮುಚ್ಚಿಸಿದೆ.

ಬಾಡಿಗೆಗೆ ಬಂದವರು ಇಬ್ಬರು ದಾದಿಯರು, ನನ್ನ ಮೊಮ್ಮಗಳ ವಯಸ್ಸಿಗಿಂತ ಸ್ವಲ್ಪ ದೊಡ್ಡವರು. ಮನೆ ನೋಡಲು ಬಂದ ದಿನ ಅವರಲ್ಲಿ ಹಿರಿಯಳು ನಲ್ಲಿಯನ್ನೂ ನೋಡಲಿಲ್ಲ, ಬಾಡಿಗೆಯನ್ನೂ ಕೇಳಲಿಲ್ಲ. ನೆಟ್ಟಗೆ ನಡುಬಾಗಿಲಿಗೆ ಹೋಗಿ ತಳ್ಳಿ ನೋಡಿ, “ಅಂಕಲ್, ಇದರ ಚಿಲಕ ನಮ್ಮ ಕಡೆನೂ ಇದೆಯಾ?” ಎಂದಳು. ಹಿಂದಿನ ಮನೆಯಲ್ಲಿ ಏನಾಗಿತ್ತೋ ನಾನು ಕೇಳಲಿಲ್ಲ.

ಎರಡು ಚಿಲಕಗಳ ಏರ್ಪಾಟಿನಲ್ಲಿ ಒಂದು ತೊಡಕಿದೆ. ಒಳಗಿರುವವರು ಪ್ರಜ್ಞೆ ತಪ್ಪಿದರೆ, ಗ್ಯಾಸ್ ಸೋರಿದರೆ, ಅವರ ಕಡೆಯ ಚಿಲಕವನ್ನು ಯಾರು ತೆಗೆಯಬೇಕು? ಇದಕ್ಕೆ ಎಸ್.ಎಸ್.ಎಲ್.ಸಿ. ಪ್ರಶ್ನಪತ್ರಿಕೆಯ ಲಕೋಟೆಗಳು ನನಗೆ ದಾರಿ ತೋರಿಸಿದವು. ಅವರ ಓಣಿ ಬಾಗಿಲಿನ ಇನ್ನೊಂದು ಕೈಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಅವರಿಬ್ಬರ ಸಹಿ ಹಾಕಿಸಿ ನಮ್ಮ ಬೀರುವಿನಲ್ಲಿಟ್ಟಿದ್ದೇವೆ. ಒಳಚಿಲಕ ಹಾಕಿದ್ದರೆ ಆ ಕೈಯೂ ಕೆಲಸಕ್ಕೆ ಬಾರದು ಎಂದು ಓಣಿ ಬಾಗಿಲಿಗೆ ಹೊರಗಿನಿಂದ ಕೈಯಲ್ಲಿ, ಒಳಗಿನಿಂದ ಬರಿಗೈಯಲ್ಲಿ ತೆರೆಯುವ ನೈಟ್ ಲ್ಯಾಚನ್ನೇ ಹಾಕಿಸಿದೆ. ಪ್ರತಿ ತಿಂಗಳು ಬಾಡಿಗೆ ಕೊಡಲು ಬಂದಾಗ ಅವರು ಲಕೋಟೆಯನ್ನು ನೋಡಿ ಹೋಗಬಹುದು. ಮೊದಲ ಎರಡು ತಿಂಗಳು ನೋಡಿದರು.

ಕರಾರು ಪತ್ರದಲ್ಲಿಯೂ ಒಂದು ಸಾಲು ಬರೆಸಿ: ತುರ್ತು ಸಂದರ್ಭದ ಹೊರತು, ಹಿಂದಿನ ದಿನವೇ ತಿಳಿಸದೆ ಮಾಲೀಕರು ಒಳಗೆ ಬರತಕ್ಕದ್ದಲ್ಲ. ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆಯೂ 24 ಗಂಟೆಗಳ ಮುನ್ಸೂಚನೆ ಬೇಕೆನ್ನುತ್ತದೆ. ನನ್ನಾಕೆ ಮಾತ್ರ ಈ ಸಾಲನ್ನು ಓದಿ ನಕ್ಕಳು. ಯುಗಾದಿಗೆ ಹೋಳಿಗೆ ಕೊಡುವುದಕ್ಕೂ ಹಿಂದಿನ ದಿನ ನೋಟೀಸು ಕೊಡಬೇಕೇ ಎಂದಳು. ಅವಳು ಹೋಳಿಗೆಯ ತಟ್ಟೆ ಹಿಡಿದು ಓಣಿಯನ್ನು ಸುತ್ತಿಯೇ ಹೋಗಿ, ಅವರ ಬಾಗಿಲು ತಟ್ಟಿ ಕೊಟ್ಟು ಬರುತ್ತಾಳೆ.