ಎಡಬದಿಯ ದಾರಿ

ನಮ್ಮ ಕಂಪಲಾಪುರವು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಮೈಸೂರಿನಿಂದ ಬಂಟ್ವಾಳಕ್ಕೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ಉಪಾಧ್ಯಾಯವೃತ್ತಿಯಲ್ಲಿದ್ದಷ್ಟು ಕಾಲವೂ ನಾನು ಮಕ್ಕಳಿಗೆ, "ಸೈಕಲ್ಲನ್ನು ಎಡಬದಿಯಲ್ಲಿಯೇ ನಡೆಸಿರಿ" ಎಂದು ಬೋಧಿಸುತ್ತಿದ್ದೆನು. 2006-07ರಲ್ಲಿ ಸರ್ಕಾರದವರು ಎಂಟನೆಯ ತರಗತಿಯವರಿಗೆ ಸೈಕಲ್ಲು ಹಂಚತೊಡಗಿದ ಮೇಲಂತೂ ಈ ಬೋಧೆಯು ಬೆಳಗಿನ ಪ್ರಾರ್ಥನೆಯಂತೆ ನಿತ್ಯವಿಧಿಯಾಯಿತು.

ಕೆಲವು ವರ್ಷಗಳ ತರುವಾಯ, ಹೊಗೆಸೊಪ್ಪು ಮಾರುವ ಕಾಲದ ಒಂದು ಬೆಳಿಗ್ಗೆ, ನನ್ನ ವಿದ್ಯಾರ್ಥಿಯೊಬ್ಬನು ಗಾಯಗೊಂಡನು. ಎಡಬದಿಯಲ್ಲಿ ಯಾರದೋ ಲಾರಿ ನಿಂತಿದ್ದಿತು. ಅದನ್ನು ಬಳಸಿ ಹೋಗಲು ಅವನು ರಸ್ತೆಯ ನಡುವಿಗೆ ಸರಿದಾಗ ಹಿಂದಿನಿಂದ ಬಂದ ವಾಹನವು ತಗುಲಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಕೈ ಮುರಿಯಿತು. ನೋಡಲು ಹೋದ ನನ್ನೊಡನೆ ಅವನು, "ಎಡಗಡೇಲೇ ಹೋಗ್ತಿದ್ದೆ ಮೇಷ್ಟ್ರೇ, ಅಲ್ಲಿ ಎಡಗಡೇನೇ ಇರ್ಲಿಲ್ಲ" ಎಂದನು. ನಾನು ನಿರುತ್ತರನಾದೆನು.

ಅಂದಿನಿಂದ ರಸ್ತೆಯ ಅಂಚನ್ನು ನೋಡುವುದೇ ನನಗೆ ಅಭ್ಯಾಸವಾಗಿರುವುದು. ಎರಡು ಸಾಲಿನ ಹೆದ್ದಾರಿಗೆ ಸಾಮಾನ್ಯ ನಿಯಮವೆಂದರೆ 7 ಮೀಟರು ಅಗಲದ ನಡುದಾರಿ, ಇಕ್ಕೆಲಗಳಲ್ಲಿ ಒಂದೂವರೆ ಮೀಟರಿನಷ್ಟು ಡಾಂಬರಿನ ಅಂಚು. ನಡುವೆ ಒಂದು ಬಿಳಿಯ ಗೆರೆ. ಸೈಕಲ್ಲಿನವರಿಗೆ ಈ ಅಂಚೇ ದಾರಿ. ಆದರೆ ಬಸ್ಸು ನಿಲ್ಲುವುದೂ ಅಲ್ಲಿಯೇ, ಲಾರಿ ತಂಗುವುದೂ ಅಲ್ಲಿಯೇ, ಸುಗ್ಗಿಯಲ್ಲಿ ರಾಗಿಯ ಒಕ್ಕಣೆಯೂ ಅಲ್ಲಿಯೇ! ಹತ್ತೆಡೆಗಳಲ್ಲಿ ಕಡಿದುಹೋದುದನ್ನು ದಾರಿಯೆಂದು ಕರೆಯಬಹುದೇ?

ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1962ರಷ್ಟು ಹಿಂದೆಯೇ ಸೈಕಲ್ ದಾರಿಗೆ ಕನಿಷ್ಠಪಕ್ಷ 2 ಮೀಟರು ಅಗಲವಿರಬೇಕೆಂದು ವಿಧಿಸಿರುವರು. ಇದರ ತತ್ತ್ವವೂ ಸರಳವಾದುದು. ವಾಹನಗಳು ನಿಧಾನವಾಗಿ ಚಲಿಸುವ ಊರೊಳಗೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗಬಹುದು. ವೇಗವು ಹೆಚ್ಚಿದಲ್ಲಿ ಗೆರೆಯು ಸಾಲದು, ನಡುವೆ ಕಲ್ಲಿನ ಅಂಚೋ ಮಣ್ಣಿನ ಪಟ್ಟಿಯೋ ಬೇಕು. ಬಸ್ಸು ನಿಲ್ಲುವಲ್ಲಿ ಸೈಕಲ್ ದಾರಿಯು ತಂಗುದಾಣದ ಹಿಂಬದಿಯಿಂದ ಹೋಗಬೇಕು. ಕೂಡುರಸ್ತೆಯಲ್ಲಿ ಅಪಾಯವು ಅಧಿಕವಾದುದರಿಂದ ಅಲ್ಲಿ ಅದು ಮಾಯವಾಗಕೂಡದು.

ಪಾಠಶಾಲೆಯಲ್ಲಿ ಓದಿದ ಮನುಸ್ಮೃತಿಯ 2ನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬ ವಿಧಿಯೊಂದಿರುವುದು. ಚಕ್ರದ ವಾಹನವೇರಿದವನು, ಅತಿವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುಮಗ ಇವರೆಲ್ಲರೂ ಅದರಲ್ಲಿರುವರು. ಮಗುವಿನ ಹೆಸರು ಮಾತ್ರವಿಲ್ಲ. ಪುಸ್ತಕದ ಚೀಲವನ್ನು ಹೊತ್ತು ಎರಡು ಚಕ್ರಗಳ ಮೇಲೆ ಬರುವ ನಮ್ಮ ಮಕ್ಕಳನ್ನು ಚಕ್ರದವರಲ್ಲಿಯೂ ಎಣಿಸಬಹುದು, ಹೊರೆಯವರಲ್ಲಿಯೂ ಎಣಿಸಬಹುದು. ಎರಡು ಬಗೆಯಿಂದಲೂ ಹಕ್ಕುಳ್ಳವರಿಗೆ ನಾವು ಒಂದು ಬಗೆಯಿಂದಲೂ ದಾರಿ ಬಿಟ್ಟಿಲ್ಲ.

ಈಗಲೂ ಬೆಳಿಗ್ಗೆ ಮಕ್ಕಳು ಗುಂಪುಗುಂಪಾಗಿ ಸೈಕಲ್ಲಿನಲ್ಲಿ ಹೋಗುವರು. ಎಡಕ್ಕೆ ಹೋಗಿರೆಂದು ಕೂಗಬೇಕೆನಿಸಿದರೂ ನಾಲಗೆಯು ಹಿಂಜರಿಯುವುದು. ಎಡಬದಿಯನ್ನು ತೆರವು ಮಾಡಿಕೊಡಬೇಕಾದವರು ಹಿರಿಯರಾದ ನಾವು. ಆ ಪಾಠವನ್ನು ನಾವು ಕಲಿತ ಮೇಲೆ ಮಕ್ಕಳಿಗೆ ಅವರ ಪಾಠವನ್ನು ಹೇಳೋಣ.