ಸುಣ್ಣದ ಪ್ರಮಾಣ

ಶೀಗಿ ಹುಣ್ಣಿಮೆಯ ದಿನ ಸಂಶಿಯ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗುವುದು ಮನೆತನದ ಹಳೆಯ ರೂಢಿ. ಎಲ್ಲೆಲ್ಲಿಯೋ ನೌಕರಿ ಮಾಡುವವರು, ಓದುವವರು ಆ ಒಂದು ದಿನದ ಮಟ್ಟಿಗಾದರೂ ಬಂದು ಸೇರುತ್ತಾರೆ. 2025ರ ಹುಣ್ಣಿಮೆಗೆ ನನ್ನ ಅಣ್ಣನ ಮೊಮ್ಮಗನೂ ಬೆಂಗಳೂರಿನಿಂದ ಬಂದಿದ್ದ. ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾನೆ. ಊಟ ಮುಗಿದು ಉಳಿದವರೆಲ್ಲ ಗಿಡದ ನೆರಳಿನಲ್ಲಿ ಅಡ್ಡಾದ ಮೇಲೆ ಅವನು ನನ್ನ ಪಕ್ಕಕ್ಕೆ ಬಂದು ಕುಳಿತ. ಸುತ್ತಲೂ ಒಮ್ಮೆ ನೋಡಿ, ಜೇಬಿನಿಂದ ಎರಡು ಸಣ್ಣ ಬಾಟಲಿಗಳನ್ನು ತೆಗೆದು ನನ್ನ ಕೈಗಿಟ್ಟ.

“ಸಣ್ಣಜ್ಜಾ, ನೀವು ಸೈನ್ಸ್ ಮಾಸ್ತರು. ಇದರಾಗ ಯಾವುದು ಚಲೋ ಹೇಳ್ರಿ. ಒಂದರಾಗ ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಐತಿ, ಇನ್ನೊಂದರಾಗ ಗ್ಲಿಸರಿನ್ ಜಾಸ್ತಿ. ಅಪ್ಪಗ ಮಾತ್ರ ಹೇಳಬ್ಯಾಡ್ರಿ.”

ಇ-ಸಿಗರೇಟಿಗೆ ತುಂಬುವ ದ್ರವ ಅದು. ಸಿಗರೇಟು ಬಿಡಬೇಕೆಂದು ಇದನ್ನು ಹಿಡಿದಿದ್ದೇನೆ ಎಂದ. ಅವನು ಸಿಗರೇಟು ಸೇದುತ್ತಿದ್ದನೆಂಬುದೇ ನನಗೆ ಹೊಸ ಸುದ್ದಿ. ಬೈಯಬೇಕೆನಿಸಿತು, ಬೈಯಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ “ಪ್ರಶ್ನೆ ಕೇಳಿರಿ” ಎಂದು ಹೇಳುತ್ತ ಬಂದವನು, ಕೇಳಿದ ದಿನ ಬೈದರೆ ಹೇಗೆ? ಆದ್ದರಿಂದ ಗೊತ್ತಿದ್ದಷ್ಟನ್ನು ಪಾಠದಂತೆಯೇ ಹೇಳಿದೆ.

ಗ್ಲಿಸರಿನ್ ಎಂಬುದು ಎಣ್ಣೆ ಮತ್ತು ಕೊಬ್ಬುಗಳಲ್ಲಿಯೇ ಅಡಗಿರುವ ವಸ್ತು. ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿಸಿ ಕಾಯಿಸಿದರೆ ಸಾಬೂನು ಒಂದು ಕಡೆ, ಗ್ಲಿಸರಿನ್ ಇನ್ನೊಂದು ಕಡೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ ಇದನ್ನು ಮೊದಲು ಬೇರ್ಪಡಿಸಿದ. ರುಚಿಯಲ್ಲಿ ಸಿಹಿ, ಆದ್ದರಿಂದಲೇ ಗ್ರೀಕ್ ಭಾಷೆಯ ಸಿಹಿ ಎಂಬ ಶಬ್ದದಿಂದ ಅದಕ್ಕೆ ಹೆಸರು ಬಂದಿತು. ಪಾಕದಂತೆ ಮಂದವಾಗಿದ್ದು, ಕಾಯಿಸಿದಾಗ ದಟ್ಟವಾದ ಬಿಳಿಯ ಮಂಜನ್ನು ಕೊಡುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು. ಅದು ತೆಳು, ಸುವಾಸನೆಯನ್ನು ಚೆನ್ನಾಗಿ ಹೊರುತ್ತದೆ, ಗಂಟಲಿಗೆ ಚುರುಕು ಮುಟ್ಟಿಸುತ್ತದೆ. ಸಿಗರೇಟು ಸೇದಿ ರೂಢಿಯಾದವರಿಗೆ ಆ ಚುರುಕು ಬೇಕೆನಿಸುತ್ತದೆ. ಕೆಲವರಿಗೆ ಅದರಿಂದ ಗಂಟಲು ಒಣಗಿ ಕೆಮ್ಮು ಬರುವುದೂ ಉಂಟು. ಇವೆರಡನ್ನು ಎಪ್ಪತ್ತಕ್ಕೆ ಮೂವತ್ತು, ಐವತ್ತಕ್ಕೆ ಐವತ್ತು ಹೀಗೆ ಕೂಡಿಸಿ, ಅದರಲ್ಲಿ ನಿಕೋಟಿನ್ ಮತ್ತು ಪರಿಮಳವನ್ನು ಕರಗಿಸುತ್ತಾರೆ.

“ಹಂಗಾದ್ರ ಗ್ಲಿಸರಿನ್ನ ಚಲೋ ಅಂದಂಗಾತು. ಎಣ್ಣಿಯಿಂದ ಬಂದದ್ದು, ಔಷಧದಾಗೂ ಹಾಕತಾರ” ಎಂದ.

ಎರಡನ್ನೂ ಔಷಧಗಳಲ್ಲಿ ಬಳಸುತ್ತಾರೆ, ನಿಜ. ಆದರೆ ಹೊಟ್ಟೆಗೆ ಒಗ್ಗಿದ್ದೆಲ್ಲ ಪುಪ್ಪುಸಕ್ಕೆ ಒಗ್ಗಬೇಕೆಂಬ ನಿಯಮವಿಲ್ಲ. ಮಿರ್ಚಿ ಕರಿಯುವ ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಮೂಗು ಉರಿಸುವ ಘಾಟು ಏಳುತ್ತದಲ್ಲವೆ? ಎಣ್ಣೆಯೊಳಗಿನ ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ವಸ್ತು ಆಗುವುದರಿಂದ ಆ ಘಾಟು. ಇ-ಸಿಗರೇಟಿನೊಳಗಿನ ಬತ್ತಿ ಒಣಗಿ ತಂತಿ ಹೆಚ್ಚು ಕಾದಾಗ ಆಗುವುದೂ ಅದೇ. 2019ರಲ್ಲಿ ಅಮೆರಿಕದಲ್ಲಿ, ಚರ್ಮಕ್ಕೆ ಹಚ್ಚಲು ನಿರಪಾಯವಾಗಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ದ್ರವವನ್ನು, ಗಾಂಜಾದ ಸಾರ ತುಂಬಿದ ಇಂಥ ನಳಿಕೆಗಳಲ್ಲಿ ಬೆರೆಸಿ ಮಾರಿದರು. 2020ರ ಫೆಬ್ರುವರಿಯ ಹೊತ್ತಿಗೆ 2,807 ಜನ ಪುಪ್ಪುಸದ ಬೇನೆಗೆ ತುತ್ತಾಗಿದ್ದರು, ಅವರಲ್ಲಿ 68 ಜನ ತೀರಿಕೊಂಡಿದ್ದರು. ಅಲ್ಲಿಯೂ ಮುಖ್ಯವಾಗಿ ಕೆಡುಕು ಮಾಡಿದ್ದು ಹೊರುವ ದ್ರವವೇ.

ಇನ್ನೊಂದು ಸಂಗತಿಯನ್ನೂ ಹೇಳಿದೆ. ಗ್ಲಿಸರಿನ್ನಿನಂತೆಯೇ ಸಿಹಿಯಾದ, ನೋಡಲು ಹಾಗೆಯೇ ಕಾಣುವ, ಬೆಲೆಯಲ್ಲಿ ಅಗ್ಗವಾದ ವಿಷವೊಂದಿದೆ, ಡೈಎಥಿಲೀನ್ ಗ್ಲೈಕಾಲ್. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅದು ಬೆರೆತಿದ್ದ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತರು. ನಾವು ಹೊಲದಲ್ಲಿ ಕುಳಿತು ಮಾತಾಡುತ್ತಿದ್ದ ಅದೇ ವಾರ ಪತ್ರಿಕೆಗಳ ತುಂಬ ಮಧ್ಯಪ್ರದೇಶದ ಛಿಂದವಾಡದ ಮಕ್ಕಳ ಸುದ್ದಿ. ಕೆಮ್ಮಿನ ಔಷಧದಲ್ಲಿ ಆ ವಿಷ ನೂರಕ್ಕೆ 48.6ರಷ್ಟಿತ್ತೆಂದು ಪರೀಕ್ಷೆಯಲ್ಲಿ ಕಂಡುಬಂದಿತ್ತು. ಕೊನೆಗೆ ಅಲ್ಲಿ ಸತ್ತ ಮಕ್ಕಳ ಸಂಖ್ಯೆ ಇಪ್ಪತ್ತನ್ನು ಮೀರಿತು. ಆ ಔಷಧದ ಮೂಲದ್ರವ ಯಾವುದು? ಇವನ ಒಂದು ಬಾಟಲಿಯಲ್ಲಿ ಹೆಚ್ಚಾಗಿದ್ದ ಪ್ರೊಪಿಲೀನ್ ಗ್ಲೈಕಾಲ್. ಪರವಾನಗಿ ಪಡೆದ ಕಾರ್ಖಾನೆಯಿಂದ ಬಂದ ಔಷಧದ ಗತಿಯೇ ಹೀಗಾದರೆ, ಕದ್ದು ಮಾರುವ ಬಾಟಲಿಯ ಮೇಲೆ ಅಚ್ಚಾದ ಪ್ರಮಾಣವನ್ನು ನಂಬುವುದು ಹೇಗೆ?

ಕದ್ದು ಎಂದೆನಲ್ಲ, ಅದಕ್ಕೂ ಕಾರಣವಿದೆ. ಕರ್ನಾಟಕದಲ್ಲಿ 2016ರಲ್ಲಿಯೇ ಇ-ಸಿಗರೇಟಿಗೆ ನಿಷೇಧ ಬಂದಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು, ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹಾಗಿದ್ದೂ ಬಾಟಲಿಗಳು ಬರುತ್ತವೆ. ಅದರಲ್ಲಿ ಏನಿದೆಯೆಂದು ಪರೀಕ್ಷಿಸುವವರೂ ಇಲ್ಲ, ಕೆಟ್ಟದ್ದಾದರೆ ಕೇಳಲು ವಿಳಾಸವೂ ಇಲ್ಲ.

ಇಷ್ಟು ಹೇಳಿದರೂ ಹುಡುಗ ಬಾಟಲಿಗಳನ್ನು ಮರಳಿ ಜೇಬಿಗಿಟ್ಟುಕೊಂಡ. “ಖಾತ್ರಿ ಇದ್ದ ಕಂಪನಿದು ಸಿಕ್ಕರ? ಪ್ರಮಾಣ ಬರೋಬ್ಬರಿ ಇದ್ದರ?” ಎಂದು ಕೇಳಿದ.

ಪ್ರಮಾಣ ಎಂಬ ಆ ಮಾತು ಕೇಳಿ ನನಗೆ ಎದೆಯಲ್ಲಿ ಏನೋ ಹಿಡಿದಂತಾಯಿತು. ಇಲ್ಲಿಯವರೆಗೆ ಮನೆಯವರಿಗೂ ಸರಿಯಾಗಿ ಹೇಳದಿದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆ. ಇಲ್ಲಿಯೂ ಬರೆಯುತ್ತಿದ್ದೇನೆ.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ತಂಬಾಕು ತಿನ್ನುತ್ತಿದ್ದೆ. ಆಗ ಅದನ್ನು ಯಾರೂ ದೊಡ್ಡ ದೋಷವೆಂದು ಎಣಿಸುತ್ತಿರಲಿಲ್ಲ. 1988ರ ಸುಮಾರಿಗೆ ಒಂಬತ್ತನೆಯ ಇಯತ್ತೆಯಲ್ಲಿದ್ದ ಒಬ್ಬ ಚುರುಕು ಹುಡುಗ ಮಧ್ಯಂತರದಲ್ಲಿ ನನಗೆ ಅಂಗಡಿಯಿಂದ ತಂಬಾಕು ತಂದುಕೊಡುತ್ತಿದ್ದ. ಬರಬರುತ್ತ ಅವನೇ ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ಕೊಡತೊಡಗಿದ. ಒಮ್ಮೆ ಸುಣ್ಣ ಹೆಚ್ಚಾಗಿ ನನ್ನ ಬಾಯಿ ಸುಟ್ಟಿತು. ಆಗ ನಾನು ಅವನ ಕೈ ಹಿಡಿದು, “ಉಗುರಿನ ತುದಿಯಷ್ಟು ಸಾಕು, ನೋಡು, ಇಷ್ಟ” ಎಂದು ತೋರಿಸಿಕೊಟ್ಟೆ. ಅಷ್ಟೇ ಅಲ್ಲ, ವಿಜ್ಞಾನದ ಮಾಸ್ತರನೆಂಬ ಹುಮ್ಮಸ್ಸಿನಲ್ಲಿ ಕಾರಣವನ್ನೂ ವಿವರಿಸಿದೆ. ತಂಬಾಕಿನಲ್ಲಿ ನಿಕೋಟಿನ್ ಲವಣದ ರೂಪದಲ್ಲಿರುತ್ತದೆ, ಸುಣ್ಣ ಪ್ರತ್ಯಾಮ್ಲವಾದ್ದರಿಂದ ಅದನ್ನು ಬಿಡಿಸುತ್ತದೆ, ಬಿಡುಗಡೆಯಾದ ನಿಕೋಟಿನ್ ಬಾಯಿಯ ಒಳಪೊರೆಯಿಂದ ರಕ್ತಕ್ಕೆ ಬೇಗ ಇಳಿಯುತ್ತದೆ. ಹುಡುಗ ಕಣ್ಣರಳಿಸಿ ಕೇಳಿದ. ನನ್ನ ಆ ವರ್ಷದ ಪಾಠಗಳಲ್ಲಿ ಅವನು ಮರೆಯದೆ ಉಳಿಸಿಕೊಂಡದ್ದು ಅದೊಂದೇ ಏನೋ.

2012ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಒಬ್ಬರು ನನ್ನ ಕಾಲು ಮುಟ್ಟಿದರು. ಮುಖಕ್ಕೆ ಟವೆಲ್ಲು ಸುತ್ತಿತ್ತು. ಸರಿಸಿದಾಗ ಕೆಳದವಡೆಯ ಒಂದು ಭಾಗ ಇರಲಿಲ್ಲ. ಗುರುತು ಹಿಡಿಯಲು ನನಗೆ ಬಹಳ ಹೊತ್ತು ಬೇಕಾಯಿತು. ಆಪರೇಶನ್ ಆಗಿ ನಾಲ್ಕು ತಿಂಗಳಾಗಿತ್ತಂತೆ. ತೊದಲುತ್ತಲೇ ಮನೆಯವರ ಕ್ಷೇಮ ಕೇಳಿದ. ರೈಲು ಬರುವ ಹೊತ್ತಿಗೆ ಮೆಲ್ಲಗೆ ಅಂದ: “ಸರ್, ನಾ ಸುಣ್ಣ ಜಾಸ್ತಿ ಹಾಕಿರಬೇಕ್ರಿ. ನೀವು ಹೇಳಿದಷ್ಟ ಹಾಕಿದ್ದರ ಹಿಂಗ ಆಗ್ತಿರಲಿಲ್ಲ.”

ಅದರಲ್ಲಿ ಕುಹಕವಿರಲಿಲ್ಲ. ತಪ್ಪು ತನ್ನದೇ ಎಂದು ಅವನು ನಂಬಿದ್ದ. “ಅಲ್ಲೋ, ಕೆಡುಕು ತಂಬಾಕಿನಾಗ ಐತಿ, ಮತ್ತ ನಿನಗ ಅದನ್ನ ಕಲಿಸಿದ ನನ್ನಾಗ ಐತಿ” ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ರೈಲು ಬಂದಿತು, ಹತ್ತಿದೆ. ಮುಂದಿನ ವರ್ಷ ಅವನು ತೀರಿಕೊಂಡ. ಆ ದಿನವೇ ತಂಬಾಕು ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ. ಬಿಡಲು ಮತ್ತೆ ಎರಡು ವರ್ಷ ಹಿಡಿಯಿತು. ಆ ಚಟ ಎಂಥದೆಂಬುದು ನನಗೆ ಗೊತ್ತಿರುವುದರಿಂದಲೇ ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ.

ನಾವು ಸುಣ್ಣ ಹಾಕಿ ನಿಕೋಟಿನ್ನನ್ನು ಬಿಡಿಸಿದೆವು. ಈಗಿನ ಇ-ಸಿಗರೇಟಿನವರು ಅದಕ್ಕೆ ಬೆಂಜೋಯಿಕ್ ಆಮ್ಲದಂಥದನ್ನು ಕೂಡಿಸಿ ಮತ್ತೆ ಲವಣ ಮಾಡುತ್ತಾರೆ, ಎಷ್ಟು ಎಳೆದರೂ ಗಂಟಲು ಉರಿಯಬಾರದೆಂದು. ದಾರಿ ಬೇರೆ, ಮುಟ್ಟಬೇಕಾದ ಊರು ಒಂದೇ. ಸುಡುವ ಸಿಗರೇಟಿನ ಡಾಂಬರು ಇದರಲ್ಲಿಲ್ಲ ಎಂಬುದು ನಿಜ. ಬ್ರಿಟನ್ನಿನಲ್ಲಿ ಬಹುಕಾಲ ಸೇದಿದವರಿಗೆ ಬಿಡುವ ಸಾಧನವಾಗಿ ವೈದ್ಯರೇ ಇದನ್ನು ಸೂಚಿಸುವುದುಂಟು. ಅಲ್ಲಿ ಬಾಟಲಿಗೆ ಕಾನೂನಿನ ಕಾವಲಿದೆ. ಇಲ್ಲಿ ಬಿಡಬೇಕೆನ್ನುವವನಿಗೆ ನಿಕೋಟಿನ್ ಗಮ್ ಇದೆ, ಸರಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಆ ಸಂಖ್ಯೆಯನ್ನು ಅವನ ಮೊಬೈಲಿನಲ್ಲಿ ನಾನೇ ಬರೆಸಿದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಸಂಶಿ ನಿಲ್ದಾಣಕ್ಕೆ ಬಿಡಲು ಹೋದಾಗ, “ಸಣ್ಣಜ್ಜಾ, ಆ ಮನಷ್ಯಾಗ ನೀವು ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ಬಾಟಲಿಗಳನ್ನು ಏನು ಮಾಡಿದನೆಂದು ನಾನೂ ಕೇಳಲಿಲ್ಲ. ಹದಿನೈದು ದಿನಗಳ ನಂತರ ಫೋನು ಮಾಡಿ, ಆ ಸಂಖ್ಯೆಗೆ ಎರಡು ಸಲ ಮಾತಾಡಿದೆನೆಂದು ಹೇಳಿದ. ಆಗಾಗ ತಪ್ಪುತ್ತದೆಂದೂ ಒಪ್ಪಿಕೊಂಡ. ತಪ್ಪಿದಾಗ ನನಗೆ ಫೋನು ಮಾಡು ಎಂದಿದ್ದೇನೆ, ಮಾಡುತ್ತಾನೆ.

ಇದನ್ನು ಓದುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳು “ಎರಡರಲ್ಲಿ ಯಾವುದು ಒಳ್ಳೆಯದು” ಎಂದು ಕೇಳಿದಾಗ ಗೊತ್ತಿದ್ದ ರಸಾಯನಶಾಸ್ತ್ರವನ್ನು ಮುಚ್ಚಿಡದೆ ಹೇಳಿರಿ. ಅಲ್ಲಿಗೇ ಪಾಠ ಮುಗಿಸಬೇಡಿರಿ. ನಾನು ಒಮ್ಮೆ ಹಾಗೆ ಮುಗಿಸಿದ್ದೆ.